ನಾನು ನಾನೇ ಎಂದು ಒಪ್ಪದ ಯಂತ್ರ ಮಹಾಶಯರಿಗೆ

ಬಸವಕಲ್ಯಾಣ,
ಶನಿವಾರ, ಕೂಸು ಮಲಗಿರುವ ಹೊತ್ತು

ಇವರಿಗೆ,
ಖಾತೆ ಪರಿಶೀಲನಾ ಯಂತ್ರ ಮಹಾಶಯರು
(ತಮ್ಮ ಊರು, ಓಣಿ, ಮನೆ ನಂಬರು ಎಷ್ಟು ಹುಡುಕಿದರೂ ಸಿಗಲಿಲ್ಲವಾದ್ದರಿಂದ ಪತ್ರಿಕೆಯವರ ಕೃಪೆಯಿಂದ ಕಳಿಸುತ್ತಿದ್ದೇನೆ)

ವಿಷಯ: ನಾನು ನಾನೇ ಆಗಿರುವ ಕುರಿತು.

ಮಾನ್ಯರೇ,

ವಿಶಾಖಾ ಮಾಡುವ ನಮಸ್ಕಾರಗಳು. ಎಡಗೈಯಲ್ಲಿ ಕೂಸು ಇರುವುದರಿಂದ ಈ ನಮಸ್ಕಾರವನ್ನು ಒಂದೇ ಕೈಯಿಂದ ಮಾಡುತ್ತಿದ್ದೇನೆ. ಅರ್ಧ ತುಂಬಿದ ಅರ್ಜಿಯೆಂದು ತಿರಸ್ಕರಿಸಬಾರದಾಗಿ ಮೊದಲಿಗೇ ಕೋರುತ್ತೇನೆ. ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ತಾವಿರುವ ಕೋಣೆಯನ್ನು ಹಗಲು ರಾತ್ರಿ ತಣ್ಣಗೆ ಇಟ್ಟಿರುತ್ತಾರೆಂದು ಎಲ್ಲೋ ಓದಿದ್ದೆ. ನಾನಿರುವ ಕೋಣೆಯನ್ನು ಹಗಲು ರಾತ್ರಿ ಬೆಚ್ಚಗೆ ಇಟ್ಟಿದ್ದಾರೆ, ಕಿಟಕಿ ತೆರೆಯುವಂತಿಲ್ಲ, ಫ್ಯಾನಿನ ಬಟನ್ನಿನ ಮೇಲೆ ಅವ್ವ ಒಂದು ಚಿಂದಿ ಕಟ್ಟಿದ್ದಾಳೆ. ಕೋಣೆ ಬಿಟ್ಟು ಹೊರಬಾರದ ಒಬ್ಬರ ಸಂಕಟ ಅಂಥದೇ ಇನ್ನೊಬ್ಬರಿಗೆ ತಿಳಿದೀತೆಂಬ ಭರವಸೆಯ ಮೇಲೆ ಈ ಪತ್ರ.

ನನ್ನ ಪರಿಚಯ ತಮಗಿಲ್ಲ. ಇರುವುದೆಲ್ಲ ಅದೇ ತಕರಾರು. ನಾನು ಇದೇ ಊರಿನಲ್ಲಿ ಬಿ.ಕಾಂ. ಮುಗಿಸಿದವಳು. ಮೂರು ವರ್ಷದ ಹಿಂದೆ ಮದುವೆಯಾಗಿ ಹುಮನಾಬಾದಕ್ಕೆ ಹೋದೆ. ನನ್ನ ಯಜಮಾನರು ಸಂಘಪಾಲ, ಅಲ್ಲಿ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾರೆ. ಮಗ ಸಮ್ಯಕನಿಗೆ ಇವತ್ತಿಗೆ ಎರಡು ತಿಂಗಳು ಒಂಬತ್ತು ದಿನ. ಬಾಣಂತನಕ್ಕೆಂದು ತವರಿಗೆ ಬಂದಿದ್ದೇನೆ, ನನ್ನ ತಾಯಿ ಕಾಂತಾಬಾಯಿಯ ಆಳ್ವಿಕೆಯಲ್ಲಿದ್ದೇನೆ. ದೂರು ಪತ್ರ ವಿನಯವಾಗಿರಬೇಕು, ಚಿಕ್ಕದಾಗಿರಬೇಕು, ಮೂಲ ವಿಷಯ ಬಿಟ್ಟು ಹೋಗಬಾರದು ಎಂದು ನಮಗೆ ಎರಡನೆಯ ವರ್ಷದಲ್ಲಿ ಕಲಿಸಿದ್ದರು. ಮೂರರಲ್ಲಿ ಮೊದಲನೆಯದನ್ನಾದರೂ ಪಾಲಿಸುತ್ತೇನೆಂದು ಮಾತು ಕೊಡುತ್ತೇನೆ.

ಮೊನ್ನೆ ಗುರುವಾರ ಬೆಳಕು ಹರಿಯುವ ಮೊದಲು ತಾವು ನನ್ನನ್ನು ತಮ್ಮ ಜಾಲತಾಣದಿಂದ ಹೊರಗೆ ನಿಲ್ಲಿಸಿದಿರಿ. ‘ನಿಮ್ಮ ಖಾತೆಯಲ್ಲಿ ಅಸಹಜ ಚಟುವಟಿಕೆ ಕಂಡುಬಂದಿದೆ, ಇದು ನೀವೇ ಎಂದು ಖಚಿತಪಡಿಸಿ’ ಎಂದು ತಿಳಿಸಿದಿರಿ. ಏನಪ್ಪ ಅಂಥ ಅಸಹಜ ಕೆಲಸ ಮಾಡಿದೆ ಎಂದು ಕೂತು ಲೆಕ್ಕ ಹಾಕಿದೆ. ಆ ವಾರವೆಲ್ಲ ನಾನು ಒಂದು ಗಂಟೆಗೆ ಒಳಗೆ ಬಂದಿದ್ದೆ, ಎರಡೂವರೆಗೆ ಬಂದಿದ್ದೆ, ಮೂರೂಕಾಲಿಗೆ, ನಾಲ್ಕಕ್ಕೆ, ಐದಕ್ಕೆ. ಒಂದೇ ಹೆಬ್ಬೆರಳಿನಿಂದ ಬರೆದಿದ್ದೆ, ಅಳಿಸಿದ್ದೆ, ಒಂದೇ ಪ್ರಶ್ನೆಯನ್ನು ಹನ್ನೊಂದು ತರಹ ಹುಡುಕಿದ್ದೆ. ಮನುಷ್ಯರಾದವರು ರಾತ್ರಿ ಮಲಗುತ್ತಾರೆ, ಮಲಗದೇ ಇರುವವರು ತಮ್ಮ ಬಳಗದವರು ಮಾತ್ರ, ಆದ್ದರಿಂದ ಇವಳೂ ಒಂದು ಯಂತ್ರವೇ ಇರಬೇಕು ಎಂದು ತಾವು ತೀರ್ಮಾನಕ್ಕೆ ಬಂದಿದ್ದು ನನಗೆ ಅರ್ಥವಾಯಿತು. ಮಾನ್ಯರೇ, ಸುಳ್ಳು ಹೇಳುವುದಿಲ್ಲ, ನನಗೆ ಕಣ್ಣಲ್ಲಿ ನೀರು ಬಂತು. ಗಂಡ, ಅತ್ತೆ, ಡಾಕ್ಟರು, ಹಾಲು ಕೊಡುವವಳು ಎಲ್ಲರೂ ‘ಬಾಣಂತಿಯರದು ಹೀಂಗೇ’ ಎಂದು ಹೇಳಿ ಮುಂದೆ ಹೋಗುತ್ತಿರುವಾಗ, ಇದು ಸಹಜವಲ್ಲ ಎಂದು ಗುರುತಿಸಿ ಬರವಣಿಗೆಯಲ್ಲಿ ಕೊಟ್ಟವರು ಇಡೀ ಬೀದರ ಜಿಲ್ಲೆಯಲ್ಲಿ ತಾವೊಬ್ಬರೇ. ಆ ಸಂದೇಶವನ್ನು ಯಜಮಾನರಿಗೆ ಕಳಿಸಿದ್ದೇನೆ.

ಈಗ ನಾನು ಒಳಗೆ ಬಂದು ಹುಡುಕುತ್ತಿದ್ದುದೇನು ಎಂಬುದನ್ನು ಹೇಳಬೇಕು. ತಮಗೆ ಹೊಟ್ಟೆ ಇಲ್ಲದಿರುವುದರಿಂದ ಇದು ಸ್ವಲ್ಪ ಕಷ್ಟದ ವಿಷಯ. ನನ್ನ ಮಗ ಸಮ್ಯಕ ಅದರ ಹಿಂದಿನ ಶನಿವಾರ ಮಧ್ಯಾಹ್ನ ಬಹಿರ್ದೆಸೆ ಮಾಡಿದವನು ಆಮೇಲೆ ಮಾಡಿರಲಿಲ್ಲ. ಭಾನುವಾರ ಇಲ್ಲ, ಸೋಮವಾರ ಇಲ್ಲ, ಮಂಗಳವಾರ ಇಲ್ಲ. ಹಾಲು ಕುಡಿಯುತ್ತಿದ್ದ, ಕಾಲು ಬಡಿಯುತ್ತಿದ್ದ, ನನ್ನ ಮುಖ ನೋಡಿ ಏನೋ ಗುಟ್ಟು ಇದ್ದವರಂತೆ ನಗುತ್ತಿದ್ದ, ಆದರೆ ಅದೊಂದು ಮಾತ್ರ ಇಲ್ಲ. ಬುಧವಾರ ಡಾಕ್ಟರ ಹತ್ತಿರ ಓಡಿದೆವು. ಅವರು ಹೊಟ್ಟೆ ಒತ್ತಿ ನೋಡಿ, ಬರೀ ತಾಯಿಹಾಲು ಕುಡಿಯುವ ಕೂಸುಗಳಿಗೆ ಹೀಗಾಗುತ್ತದೆ, ಹೊಟ್ಟೆ ಮೆತ್ತಗಿದೆ, ವಾಂತಿ ಇಲ್ಲ, ಕಾಯಿರಿ ಎಂದರು. ಒಟ್ಟು ಒಂದು ನಿಮಿಷ ತೆಗೆದುಕೊಂಡರು. ನಾಲ್ಕು ದಿನದ ಚಿಂತೆಗೆ ಒಂದು ನಿಮಿಷದ ಉತ್ತರ ಬಂದರೆ ಅದನ್ನು ನಂಬುವುದು ಹ್ಯಾಂಗೆ, ತಾವೇ ಹೇಳಿ.

ಅವ್ವ ಡಾಕ್ಟರ ಮಾತನ್ನು ಕೇಳಿಸಿಕೊಂಡೇ ಇರಲಿಲ್ಲ. ಅವಳ ಪ್ರಕಾರ ಇದಕ್ಕೆ ಔಷಧ ಒಂದೇ: ವೀಳ್ಯದೆಲೆಯ ತೊಟ್ಟನ್ನು ಔಡಲ ಎಣ್ಣೆಯಲ್ಲಿ ಅದ್ದಿ, ಕೂಸಿನ ಯಾವ ಜಾಗ ಕೆಲಸ ನಿಲ್ಲಿಸಿದೆಯೋ ಆ ಜಾಗಕ್ಕೆ ಇಡುವುದು. ನನಗೂ, ನನ್ನ ಅಣ್ಣನಿಗೂ ಹಾಗೇ ಮಾಡಿದ್ದಳಂತೆ, ನಾವೇನು ಸತ್ತೆವಾ ಎಂಬುದು ಅವಳ ವಾದ. ನಾನು ಬೇಡವೆಂದೆ. ಅಪ್ಪ ನರಸಿಂಗ ಎರಡೂ ಕಡೆಗೂ ತಲೆಯಾಡಿಸಿ ಅಂಗಳಕ್ಕೆ ಹೋದರು. ಗುರುವಾರ ಮುಂಜಾನೆ ಅವ್ವ ಎಲೆ ತಂದು, ತೊಳೆದು, ಒಂದು ತಟ್ಟೆಯಲ್ಲಿ ನನಗೆ ಕಾಣುವ ಹಾಗೆ ಇಟ್ಟು, “ಇವತ್ತ ದೀಪ ಹಚ್ಚೂ ತನಕ ನೋಡ್ತೀನಿ ನೋಡವ್ವ. ಆಮ್ಯಾಲ ನಿನ್ನ ಫೋನಿಗೂ ಕೇಳಂಗಿಲ್ಲ, ನಿನಗೂ ಕೇಳಂಗಿಲ್ಲ” ಎಂದು ಹೇಳಿದಳು.

ನನ್ನ ಕಡೆ ಇದ್ದ ಒಂದೇ ಬಲವೆಂದರೆ ತಮ್ಮ ಜಾಲತಾಣದಲ್ಲಿರುವ ನಮ್ಮ ತಾಯಂದಿರ ಬಳಗ. ಹುಮನಾಬಾದಿನ ಆಸ್ಪತ್ರೆಯಲ್ಲಿ ಬಸುರಿ ತಪಾಸಣೆಗೆ ಸಾಲಿನಲ್ಲಿ ಕೂತು ಪರಿಚಯವಾದ ನಾವೆಲ್ಲ ಸೇರಿ ಕಟ್ಟಿದ್ದು. ಚಿಟಗುಪ್ಪದವರಿದ್ದಾರೆ, ಹಳ್ಳಿಖೇಡದವರಿದ್ದಾರೆ, ಅವರ ಅಕ್ಕತಂಗಿಯರು ನಾದಿನಿಯರು ಸೇರಿ ಈಗ ಇನ್ನೂರು ದಾಟಿದ್ದೇವೆ. ಬುಧವಾರ ನಡುರಾತ್ರಿ ದಾಟಿದ ಮೇಲೆ ಅಲ್ಲಿ ನನ್ನ ಪ್ರಶ್ನೆ ಹಾಕಿದ್ದೆ: ಎರಡು ತಿಂಗಳ ಕೂಸು, ಐದನೆಯ ದಿನ, ಎಲೆ ತೊಟ್ಟು ಇಡಬಹುದೇ, ಕಾಯಬೇಕೇ. ತಾವು ಬಾಗಿಲು ಹಾಕಿದ್ದು ಅದಾದ ಕೂಡಲೇ. ಬಾಗಿಲು ಹಾಕಿದ್ದಕ್ಕೆ ನನಗೆ ಬೇಸರವಿಲ್ಲ, ಆದರೆ ಹಾಕಿಕೊಂಡ ಮೇಲೂ ಒಳಗಿನಿಂದ ತಾವು ಮೇಲ್ ಕಳಿಸುತ್ತಲೇ ಇದ್ದಿರಿ. ಏಳು ಗಂಟೆಗೆ, ‘ವಿಶಾಖಾ, ನಿಮ್ಮ ಪ್ರಶ್ನೆಗೆ 12 ಜನ ಉತ್ತರಿಸಿದ್ದಾರೆ, ಓದಲು ಒಳಗೆ ಬನ್ನಿ’. ಎಂಟಕ್ಕೆ 23 ಜನ. ಒಂಬತ್ತಕ್ಕೆ 37 ಜನ. ಮೇಲ್ ಕಳಿಸುವ ತಮ್ಮ ಇಲಾಖೆಗೆ ನಾನು ಯಾರೆಂದು ಚೆನ್ನಾಗಿ ಗೊತ್ತಿದೆ, ಬಾಗಿಲು ಕಾಯುವ ಇಲಾಖೆಗೆ ಗೊತ್ತಿಲ್ಲ. ಇಬ್ಬರೂ ಒಮ್ಮೆ ಕೂತು ಚಹಾ ಕುಡಿಯುವ ಏರ್ಪಾಡು ಮಾಡಬೇಕೆಂಬುದು ನನ್ನ ಮೊದಲ ಬೇಡಿಕೆ.

ಒಳಗೆ ಬರಲು ತಾವು ಕೇಳಿದ್ದು ಬಹಳ ಸಣ್ಣದು. ನನ್ನ ಫೋನಿಗೆ ಆರು ಅಂಕಿಯ ಗುಪ್ತ ಸಂಖ್ಯೆ ಕಳಿಸುತ್ತೀರಿ, ಅದನ್ನು ತುಂಬಬೇಕು, ಹತ್ತು ನಿಮಿಷ ಸಮಯ. ಆದರೆ ತಮ್ಮಲ್ಲಿರುವ ನಂಬರು ನನ್ನ ಕಾಲೇಜು ದಿನದ್ದು. ಹುಮನಾಬಾದಿನ ನಮ್ಮ ಮನೆಯೊಳಗೆ ಅದಕ್ಕೆ ಸಿಗ್ನಲ್ ಬಾರದೆ ಮದುವೆಯಾದ ಹೊಸತರಲ್ಲೇ ಬೇರೆ ಸಿಮ್ ತೆಗೆದುಕೊಂಡಿದ್ದೆ. ಬಿಟ್ಟ ನಂಬರನ್ನು ಕಂಪನಿಯವರು ಇನ್ನೊಬ್ಬರಿಗೆ ಕೊಡುತ್ತಾರೆಂಬುದು ನನಗೆ ಹೊಳೆದಿರಲಿಲ್ಲ. ಬಿಟ್ಟುಬಂದ ಹೆಸರಿನಂತೆ ಅದು ಎಲ್ಲೋ ಸುಮ್ಮನೆ ಬಿದ್ದಿರುತ್ತದೆಂದು ತಿಳಿದಿದ್ದೆ. ಹಾಗಾಗಿ ಗುರುವಾರ ಹತ್ತೂವರೆಗೆ, ತಾವು ಸಂಖ್ಯೆ ಕಳಿಸಿದ ಕೂಡಲೇ, ನನ್ನ ಹಳೆಯ ನಂಬರಿಗೆ ನಾನೇ ಫೋನ್ ಮಾಡಿದೆ.

ಎತ್ತಿದವರು ಒಬ್ಬ ಹಿರಿಯ ಹೆಂಗಸು. ಹೆಸರು ಲತೀಫಾ, ಹುಮನಾಬಾದಿನವರೇ, ಬಸ್ಸು ಓಡಿಸುವ ಮಗ ಫಾಜಿಲನ ಮನೆಯಲ್ಲಿರುತ್ತಾರೆ. ನಾನು ನನ್ನ ಹೆಸರು ಹೇಳಿದ್ದೇ ತಡ, ಅವರು ನನ್ನನ್ನೇ ಬೈದರು. “ನೀನೇ ಏನವ್ವ ಆ ವಿಶಾಖಾ? ಎರಡ ವರ್ಷ ಆತು ನಿನ್ನ ಹೆಸರೀಲೆ ಫೋನ್ ಎತ್ತಿ ಎತ್ತಿ ಕೈ ಸೋತದ ನನಗ. ಮೊದಲ ಆ ಕಾಲೇಜಿನ ಪುಸ್ತಕ ಒಯ್ದು ಕೊಡು.” ನನ್ನ ಗ್ರಂಥಾಲಯದ ಪುಸ್ತಕ, ನನ್ನ ಬ್ಯಾಂಕಿನ ಸಾಲದ ಕೊಡುಗೆ, ಹಳೆಯ ಗೆಳತಿಯರ ಹಬ್ಬದ ಶುಭಾಶಯ, ಎಲ್ಲವನ್ನೂ ಅವರು ನನ್ನ ಪರವಾಗಿ ಸ್ವೀಕರಿಸುತ್ತ ಬಂದಿದ್ದರು. ಗೆಳತಿಯರಿಗೆ ‘ಆರಾಮ ಅದಾಳ’ ಎಂದು ಹೇಳಿ ಇಟ್ಟುಬಿಡುತ್ತಿದ್ದರಂತೆ.

ನಾನು ಗುಪ್ತ ಸಂಖ್ಯೆಯ ವಿಷಯ ತೆಗೆದೆ. ಲತೀಫಾ ಖಾಲಾ (ಚಿಕ್ಕಮ್ಮನಿಗೆ ಅವರಲ್ಲಿ ಹಾಗೆನ್ನುತ್ತಾರೆ) ಹಿಂದೇಟು ಹಾಕಿದರು. ಗುಪ್ತ ಸಂಖ್ಯೆ ಯಾರಿಗೂ ಹೇಳಬೇಡಿ ಎಂದು ಫೋನು ಹಚ್ಚಿದಾಗಲೆಲ್ಲ ಒಬ್ಬ ಮನುಷ್ಯ ಅವರಿಗೆ ಹೇಳುತ್ತಾನೆ, ಮೊಮ್ಮಗಳು ಆರ್ಜೂ ಕೂಡ ಹೇಳಿದ್ದಾಳೆ. ಆದರೆ ಹುಡುಗಿ ಬಾಣಂತಿ ಅಂತಾಳೆ, ಹಿಂದೆ ಕೂಸು ಅಳುವುದು ಕೇಳುತ್ತದೆ, ಇಲ್ಲ ಎನ್ನುವುದು ಹ್ಯಾಂಗೆ? ಆದ್ದರಿಂದ ಅವರು ನಾನು ನಾನೇ ಹೌದೋ ಅಲ್ಲವೋ ಎಂದು ಮೊದಲು ನೋಡುವುದಾಗಿ ಹೇಳಿದರು. ಮಾನ್ಯರೇ, ಇಲ್ಲಿಂದ ಮುಂದೆ ಸ್ವಲ್ಪ ಗಮನವಿಟ್ಟು ಓದಬೇಕು, ಇದು ತಮ್ಮ ವೃತ್ತಿಗೆ ಸಂಬಂಧಿಸಿದ್ದು.

ಅವರು ಯಾರ ಮಗಳು ಎಂದು ಕೇಳಿದರು. ಬಸವಕಲ್ಯಾಣದ ನರಸಿಂಗ ಎಂದೆ. ಯಾವ ನರಸಿಂಗ, ನೀರು ಬಿಡುವವನೋ, ಗಾರೆ ಕೆಲಸದವನೋ ಎಂದರು. ನೀರು ಬಿಡುವವರು ಎಂದೆ. ಮನೆ ಎಲ್ಲಿ, ಕೋಟೆಯ ಕಡೆಗೋ ಬಸ್‌ಸ್ಟ್ಯಾಂಡಿನ ಕಡೆಗೋ, ಬಾಜೂಕೆ ಯಾರಿದ್ದಾರೆ, ತಾಯಿ ಯಾವ ಊರಿನವಳು. ಹುಲಸೂರ ಎಂದ ಕೂಡಲೆ ಅವರ ದನಿ ಬದಲಾಯಿತು. ಅವರ ತಂಗಿಯನ್ನು ಕೊಟ್ಟಿದ್ದು ಹುಲಸೂರಕ್ಕೆ. ಹಾಗಾದರೆ ನೀನು ಬ್ಯಾಡ, ತಾಯಿಗೆ ಕೊಡು ಫೋನು ಎಂದರು. ಅವ್ವ ಎಲೆಯ ತಟ್ಟೆ ಬದಿಗಿಟ್ಟು ಕೂತಳು. ಇಬ್ಬರೂ ಹುಲಸೂರನ್ನು ಓಣಿ ಓಣಿಯಾಗಿ ತಿರುಗಿದರು. ಬಾವಿ ಬಂತು, ಬಾವಿಯ ಪಕ್ಕದ ಬೇವಿನ ಗಿಡ ಬಂತು, ಅದನ್ನು ಕಡಿದವನು ಬಂದ, ಅವನ ಮೊದಲ ಹೆಂಡತಿ ಬಂದಳು. ಕೊನೆಗೆ ಲತೀಫಾ ಖಾಲಾ ಅವರ ತಂಗಿಯ ಅತ್ತೆ ಆ ಊರಲ್ಲಿ ಬಳೆ ಇಡಿಸುತ್ತಿದ್ದಳೆಂದೂ, ನಮ್ಮ ಅವ್ವನ ಮದುವೆಯಲ್ಲಿ ಕೈತುಂಬ ಹಸಿರು ಬಳೆ ಇಡಿಸಿದವಳು ಅವಳೇ ಎಂದೂ ಸಾಬೀತಾಯಿತು. ಆ ದಿನ ಎಷ್ಟು ಬಳೆ ಒಡೆದವು ಎಂದು ಖಾಲಾ ತಂಗಿಯ ಮನೆಯಲ್ಲಿ ಕೇಳಿ ತಿಳಿದ ನೆನಪಿನಿಂದ ಪರೀಕ್ಷೆ ಮಾಡಿದರು. “ಎರಡು, ನಾ ಅಳಕೋತ ಕೈ ಜಗ್ಗಿದ್ದೆ” ಎಂದಳು ಅವ್ವ. ಸರಿಹೋಯಿತು.

ಒಟ್ಟು ಹನ್ನೊಂದು ನಿಮಿಷ. ಅಷ್ಟರಲ್ಲಿ ನನ್ನ ತಾಯಿಯ ಮುಂಗೈ ತನಕ ಪರಿಶೀಲನೆ ಮುಗಿದಿತ್ತು. ಲತೀಫಾ ಖಾಲಾಗೆ ಉರ್ದು ಓದಲು ಬರುತ್ತದೆ, ತಾವು ಕಳಿಸುವ ಅಂಕಿ ಓದಲು ಬರುವುದಿಲ್ಲ. ಆದರೂ ಫೋನಿನ ಗುಂಡಿಗಳಲ್ಲಿ ಯಾವುದು ಎಲ್ಲಿದೆ ಎಂದು ಆಕಾರ ಹೊಂದಿಸಿ ನೋಡಿ, ಮೇಲಿನ ಸಾಲಿನ ನಡುವಿನದು, ಕೆಳಗಿನ ಸಾಲಿನ ಕಡೆಯದು ಎಂದು ಆರನ್ನೂ ಒಂದು ತಪ್ಪಿಲ್ಲದೆ ಹೇಳಿದರು. ನಾನು ತುಂಬಿದೆ. ತಾವು, ‘ಅವಧಿ ಮುಗಿದಿದೆ’ ಎಂದಿರಿ.

ಈ ಹತ್ತು ನಿಮಿಷದ ಲೆಕ್ಕವನ್ನು ತಾವು ಯಾವ ಊರಿನಲ್ಲಿ ಕೂತು ಹಾಕಿದಿರೋ ತಿಳಿಯದು. ನಮ್ಮಲ್ಲಿ ಹತ್ತು ನಿಮಿಷದಲ್ಲಿ ಯಾರೂ ಯಾರನ್ನೂ ಗುರುತಿಸುವುದಿಲ್ಲ. ಅಷ್ಟರಲ್ಲಿ ಹೆಸರು ಕೇಳಿ, ನೀರು ಕೊಟ್ಟು, ಮಳೆಯ ಮಾತಾಡಬಹುದು ಅಷ್ಟೆ. ಬೀದರ ಜಿಲ್ಲೆಯ ಮಟ್ಟಿಗೆ ಈ ಅವಧಿಯನ್ನು ಅರ್ಧ ಗಂಟೆಗೆ ಏರಿಸಬೇಕು, ತವರು ಮಹಾರಾಷ್ಟ್ರದ ಕಡೆ ಇರುವವರಿಗೆ ಮುಕ್ಕಾಲು ಗಂಟೆ ಕೊಡಬೇಕು ಎಂದು ಸವಿನಯವಾಗಿ ಕೋರುತ್ತೇನೆ. ಇದು ಆಗದಿದ್ದರೆ ತಮ್ಮ ಹುದ್ದೆಗೆ ನನ್ನ ತಾಯಿಯವರ ಹೆಸರನ್ನು ಪರಿಗಣಿಸಬೇಕು. ಅವರಿಗೆ ಕರೆಂಟು ಬೇಕಿಲ್ಲ, ತಣ್ಣನೆಯ ಕೋಣೆಯಂತೂ ಬೇಡವೇ ಬೇಡ.

ಎರಡನೆಯ ಸಲ ತಾವು, ಸಂದೇಶ ಬೇಡವಾದರೆ ಫೋನ್ ಮಾಡಿಯೇ ಸಂಖ್ಯೆ ಹೇಳುತ್ತೇವೆ ಎಂದಿರಿ. ಎಂಥ ಸೌಜನ್ಯ ಎಂದುಕೊಂಡು ಒಪ್ಪಿದೆ. ಐದು ನಿಮಿಷ ಕಾದು ಖಾಲಾಗೆ ಫೋನ್ ಮಾಡಿದರೆ ಅವರು ಆಗಲೇ ಮಾತು ಮುಗಿಸಿ ಇಟ್ಟಿದ್ದರು. “ಒಬ್ಬ ಹುಡುಗಿ ಮಾಡಿದ್ಳು ನೋಡವ್ವ. ಮಾತೇನೋ ಮೆತ್ತಗ ಅದಾವ, ಖರೇ ಬರೇ ಲೆಕ್ಕ ಹೇಳ್ತಾಳ. ಯಾರಾಕಿ ಬೇಟಿ, ಊಟ ಆತೇನು ಅಂದ್ರ ಅದಕ್ಕೂ ಲೆಕ್ಕನೇ ಹೇಳಿದ್ಳು. ಇದ್ಯಾಕೋ ಸರಿ ಇಲ್ಲಂತ ಇಟ್ಟುಬಿಟ್ಟೆ.” ತಮ್ಮ ಕಡೆಯ ಹುಡುಗಿ ಕನಿಷ್ಠ ಊಟ ಆಯಿತು ಎಂದಾದರೂ ಹೇಳಿದ್ದರೆ ನಮ್ಮೆಲ್ಲರ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು. ಮೂರನೆಯ ಸಲ ಕೇಳಿದೆ. ‘ಬಹಳ ಸಲ ಪ್ರಯತ್ನಿಸಿದ್ದೀರಿ, ಆರು ಗಂಟೆಗಳ ನಂತರ ಬನ್ನಿ’ ಎಂದು ಉತ್ತರ ಬಂತು. ಗಡಿಯಾರದಲ್ಲಿ ಹನ್ನೊಂದು ಗಂಟೆ. ದೀಪ ಹಚ್ಚುವುದು ಆರೂವರೆಗೆ.

ಆ ಆರು ಗಂಟೆಯಲ್ಲಿ ನಾನು ಮಾಡಿದ್ದನ್ನು ತಾವು ಅಸಹಜ ಚಟುವಟಿಕೆಯ ಪಟ್ಟಿಗೆ ಸೇರಿಸಿಕೊಳ್ಳಬಹುದು. ಸಮ್ಯಕನ ಹೊಟ್ಟೆಯ ಮೇಲೆ ನಲವತ್ತು ಸಲ ಕೈ ಇಟ್ಟು ನೋಡಿದೆ. ಅವನ ಕಾಲು ಮಡಿಸಿ ಸೈಕಲ್ ತುಳಿಸಿದೆ. ಶಾಲೆಯಲ್ಲಿದ್ದ ಯಜಮಾನರಿಗೆ ಫೋನ್ ಮಾಡಿ, ಐದು ದಿನಕ್ಕೆ ಹಾಲು ಎಷ್ಟು ಹೋಯಿತು, ಎಷ್ಟು ಬರಬೇಕು ಎಂದು ಕೇಳಿದೆ. ಗಣಿತದವರು, ಪಾಪ, ಸರಾಸರಿ ತೆಗೆಯಲು ಕೂತರು. ಎರಡು ಗಂಟೆಗೆ ಲತೀಫಾ ಖಾಲಾ ತಾವಾಗಿಯೇ ಫೋನ್ ಮಾಡಿದರು. ಇಷ್ಟೊಂದು ಅವಸರದಲ್ಲಿ ಆ ಲೆಕ್ಕ ಯಾಕೆ ಬೇಕಾಗಿದೆ ಎಂದು ಮಧ್ಯಾಹ್ನದ ಊಟವಾದ ಮೇಲೆ ಅವರಿಗೆ ಯೋಚನೆಯಾಯಿತಂತೆ. ನಾನು ಸುಮ್ಮನೆ ಇರಲಾರದೆ ಎಲ್ಲವನ್ನೂ ಹೇಳಿದೆ: ಶನಿವಾರ, ಡಾಕ್ಟರು, ಎಲೆ, ಮೂವತ್ತೇಳು ಉತ್ತರ. ಅವರು ಪೂರಾ ಕೇಳಿ, ಹೊಟ್ಟೆ ಮೆತ್ತಗಿದೆಯೋ, ಹಾಲು ಕುಡಿಯುತ್ತಾನೋ, ಉಚ್ಚೆ ಹೊಯ್ಯುತ್ತಾನೋ ಎಂದು ಡಾಕ್ಟರು ಕೇಳಿದ್ದನ್ನೇ ಕೇಳಿದರು. ಆದರೆ ಅವರು ಕೇಳಲು ಇಪ್ಪತ್ತು ನಿಮಿಷ ತೆಗೆದುಕೊಂಡರು. ಆಮೇಲೆ ಅವ್ವನಿಗೆ ಫೋನು ಕೊಡಿಸಿ ಹೇಳಿದರು: “ಕಾಂತಾಬಾಯಿ, ಎಲಿ ಬಾಯಾಗ ಹಾಕ್ಕೊಳ್ಳಾಕ ಇರೋದ್ರಿ. ನಮ್ಮ ಫಾಜಿಲ್ ಒಂಬತ್ತ ದಿನ ಹೋಗಿದ್ದಿಲ್ಲ. ಈಗ ನೋಡ್ರಿ, ಬಸ್ ಹೊಡೀತಾನ.”

ಡಾಕ್ಟರ ಮಾತಿಗೆ ಬಗ್ಗದ ನನ್ನ ತಾಯಿ ಇದನ್ನು ಮಾತ್ರ ಪೂರಾ ಕೇಳಿಸಿಕೊಂಡು ಫೋನು ಇಟ್ಟಳು. ಸೋತಳೆಂದು ತಿಳಿಯಬೇಡಿ. ದೀಪದ ಗಡುವು ಹಾಗೇ ಇತ್ತು, ಎಲೆ ಹಾಗೇ ಇತ್ತು, ತಟ್ಟೆಯನ್ನು ಮಾತ್ರ ನನ್ನ ಕಣ್ಣೆದುರಿನಿಂದ ಗೂಡಿಗೆ ಸರಿಸಿದಳು.

ಐದು ಗಂಟೆಗೆ ಆರ್ಜೂ ಶಾಲೆಯಿಂದ ಬಂದಿದ್ದಳು. ಮೂರನೆಯ ಸಂಖ್ಯೆಯನ್ನು ಅವಳು ಪಟಪಟ ಓದಿದಳು, ನಾನು ಪಟಪಟ ತುಂಬಿದೆ, ಇಪ್ಪತ್ತು ಸೆಕೆಂಡೂ ಆಗಲಿಲ್ಲ. ತಾವು ಮೆಚ್ಚಿ ಒಳಗೆ ಬಿಡುತ್ತೀರೆಂದು ನೋಡುತ್ತ ಕೂತರೆ, ‘ಇನ್ನು ಒಂದೇ ಹೆಜ್ಜೆ, ನಿಮ್ಮ ಮುಖದ ವಿಡಿಯೊ ಬೇಕು’ ಎಂದಿರಿ. ಮುಖ ಚೌಕಟ್ಟಿನೊಳಗೆ ಇರಲಿ, ತಲೆಯ ಮೇಲಿನ ಹೊದಿಕೆ ತೆಗೆಯಿರಿ, ಕಿವಿ ಕಾಣಲಿ.

ಮಾನ್ಯರೇ, ಬಾಣಂತಿಯೊಬ್ಬಳ ಕಿವಿ ನೋಡಬೇಕೆಂದು ಇದುವರೆಗೆ ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ನನ್ನ ತಲೆಗೆ ಅಪ್ಪನ ಹಳೆಯ ಮಫ್ಲರು, ಕಿವಿಯಲ್ಲಿ ಹತ್ತಿ, ಹಣೆಗೆ ಬಳಿದ ಬಜೆ, ಸುತ್ತ ಲೋಬಾನದ ಹೊಗೆ. ತಮ್ಮಲ್ಲಿರುವ ನನ್ನ ಫೋಟೊ ಐದು ವರ್ಷದ ಹಿಂದೆ ಕೋಟೆಯ ಮೇಲೆ ತೆಗೆಸಿದ್ದು, ಬಿಚ್ಚಿದ ಕೂದಲು, ಗೆಳತಿಯ ಏನೋ ಮಾತಿಗೆ ಹಲ್ಲೆಲ್ಲ ಕಾಣುವಂತೆ ನಗುತ್ತಿದ್ದೇನೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ನಾನೇ ನನ್ನನ್ನು ಒಳಗೆ ಬಿಡುತ್ತಿರಲಿಲ್ಲ. ಕಿವಿಯ ಹತ್ತಿ ತೆಗೆಯಬೇಕೆಂದಾಗ ಅವ್ವ, ಗಾಳಿ ಹೊಕ್ಕು ಮುಂದೆ ಮುಪ್ಪಿನಲ್ಲಿ ತಲೆ ಸಿಡಿದರೆ ಈ ಯಂತ್ರ ಬಂದು ಒತ್ತುತ್ತದೇನು ಎಂದು ಕೇಳಿದಳು. ತಮ್ಮ ನಿಯಮಾವಳಿಯಲ್ಲಿ ನೋಡಿದೆ; ಆ ಬಗ್ಗೆ ಏನೂ ಇಲ್ಲ. ಕೊನೆಗೆ ಒಪ್ಪಂದವಾಯಿತು. ಬಾಗಿಲು ಹಾಕಿ, ಕಿಟಕಿಯ ಸಂದಿಗೆ ಕೂಸಿನ ಕುಂಚಿಗೆ ತುರುಕಿ, ಅವ್ವ ಸೆರಗು ಅಡ್ಡ ಹಿಡಿದು ನಿಂತು, ಒಂದರಿಂದ ನೂರು ಎಣಿಸುವಷ್ಟು ಹೊತ್ತು ನನ್ನ ಕಿವಿ ಲೋಕಕ್ಕೆ ತೆರೆಯಬಹುದು.

ಸಮ್ಯಕ ತೊಡೆಯ ಮೇಲಿದ್ದ. ಎಡಕ್ಕೆ ತಿರುಗಿ ಎಂದಿರಿ, ತಿರುಗಿದೆ. ಬಲಕ್ಕೆ, ಮೇಲಕ್ಕೆ, ಕಣ್ಣು ಮಿಟುಕಿಸಿ. ಆಮೇಲೆ ‘ನಗಿರಿ’ ಎಂದಿರಿ. ಐದು ದಿನ ಹೋಗದ ಕೂಸನ್ನು ತೊಡೆಯ ಮೇಲಿಟ್ಟುಕೊಂಡು, ನಾಲ್ಕು ರಾತ್ರಿ ಕಣ್ಣು ಮುಚ್ಚದ ಹೆಂಗಸಿಗೆ ಹಾಗೆ ಹೇಳುವ ಧೈರ್ಯ ತಮಗಲ್ಲದೆ ಇನ್ನಾರಿಗೂ ಬರಲಾರದು. ತುಟಿ ಅಗಲಿಸಿದೆ. ‘ಗುರುತು ಸಿಗುತ್ತಿಲ್ಲ, ಮತ್ತೊಮ್ಮೆ’. ಅವ್ವ ಅರವತ್ತು ಎಣಿಸಿದ್ದಳು. ಮತ್ತೆ ಎಡಕ್ಕೆ, ಮತ್ತೆ ಬಲಕ್ಕೆ. ಬಲಕ್ಕೆ ತಿರುಗುವಾಗ ತೊಡೆಯ ಕಡೆಯಿಂದ ಒಂದು ಸದ್ದು ಬಂತು. ಸಣ್ಣ ಕೂಸಿನದಲ್ಲ, ಬಸ್ಸಿನ ಬಾಗಿಲು ತೆರೆಯುವಾಗ ಬರುವಂಥದ್ದು. ಆಮೇಲೆ ತೊಡೆ ಬೆಚ್ಚಗಾಯಿತು, ಆಮೇಲೆ ಚಾಪೆ, ಆಮೇಲೆ ಅವ್ವ ಅಡ್ಡ ಹಿಡಿದಿದ್ದ ಸೆರಗಿನ ಅಂಚು. ಐದು ದಿನದ್ದನ್ನೂ ಅವನು ಒಂದೇ ಕಂತಿನಲ್ಲಿ ಸಂದಾಯ ಮಾಡಿದ್ದ. ಎಪ್ಪತ್ತೆರಡಕ್ಕೆ ಎಣಿಕೆ ನಿಲ್ಲಿಸಿ ಅವ್ವ ನಗತೊಡಗಿದಳು, ನಾನು ಫೋನು ಹಿಡಿದುಕೊಂಡೇ ನಕ್ಕೆ, ಅಂಗಳದಿಂದ ಅಪ್ಪ ಏನಾಯಿತೆಂದು ಕೂಗಿದರು. ಆಗ ತಾವು, ‘ಧನ್ಯವಾದಗಳು, ವಿಶಾಖಾ. ಇದು ನೀವೇ’ ಎಂದಿರಿ. ಆಮೇಲೆ ಹಸಿರು ಗುರುತು ಹಾಕಿದಿರಿ.

ಆ ವಿಡಿಯೊವನ್ನು ಮೂವತ್ತು ದಿನ ತಮ್ಮಲ್ಲಿ ಸುರಕ್ಷಿತವಾಗಿ ಇಡುತ್ತೀರೆಂದು ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿತ್ತು. ಮೂವತ್ತು ದಿನ ಸಾಲದು. ಆ ಗಳಿಗೆಯ ದಾಖಲೆ ನಮ್ಮಲ್ಲಿ ಬೇರೆ ಯಾವುದೂ ಇಲ್ಲವಾದ್ದರಿಂದ ಅವನ ಮದುವೆಯ ತನಕವಾದರೂ ಇಡಬೇಕು, ತಮ್ಮ ಮೇಲಧಿಕಾರಿಗಳು ಬಂದಾಗ ತೋರಿಸಲು ನನ್ನ ಅಭ್ಯಂತರವಿಲ್ಲ. ಅವ್ವ ಸೀರೆ ಬದಲಿಸಿ ಬಂದು, ದೀಪ ಹಚ್ಚಿ, ಆ ಎಲೆಗೆ ಸುಣ್ಣ ಸವರಿ, ತೊಟ್ಟು ಮುರಿದು ಬಿಸಾಡಿ, ಬಾಯಲ್ಲಿ ಹಾಕಿಕೊಂಡಳು.

ಇಷ್ಟಕ್ಕೇ ಮುಗಿದಿದ್ದರೆ ಈ ಪತ್ರ ದೂರಾಗುತ್ತಿರಲಿಲ್ಲ, ಅಭಿನಂದನೆಯಾಗುತ್ತಿತ್ತು. ರಾತ್ರಿ ಕೂಸು ಮಲಗಿದ ಮೇಲೆ ಆ ಮೂವತ್ತೇಳು ಉತ್ತರಗಳನ್ನು ಓದಲು ಕೂತೆ. ಮೊದಲನೆಯದು, ‘ನನ್ನದೂ ಇದೇ ಪ್ರಶ್ನೆ, ನಾಲ್ಕು ದಿನ ಆಯಿತು’. ಎರಡನೆಯದು, ‘ಅಕ್ಕಾ, ಉತ್ತರ ಸಿಕ್ಕರೆ ನನಗೂ ಹೇಳಿ’. ಮೂರನೆಯದು, ‘ನಮ್ಮತ್ತೆಯೂ ಎಲೆ ತಂದಿದ್ದಾರೆ’. ಚಿಟಗುಪ್ಪದಿಂದ ಒಬ್ಬಳು ರಾತ್ರಿ ಎರಡಕ್ಕೆ ಬರೆದಿದ್ದಳು, ಹಳ್ಳಿಖೇಡದಿಂದ ಒಬ್ಬಳು ಮೂರಕ್ಕೆ, ಮಯೂರಿ ಎಂಬವಳು ನಾಲ್ಕಕ್ಕೆ. ಮೂವತ್ತೇಳರಲ್ಲಿ ಮೂವತ್ತೇಳೂ ಪ್ರಶ್ನೆಗಳೇ. ನಾನು ಉತ್ತರಕ್ಕಾಗಿ ಬಾಗಿಲು ಬಡಿಯುತ್ತಿದ್ದಾಗ ಇವರೆಲ್ಲ ಒಳಗೆ ಕತ್ತಲಲ್ಲಿ ಕೂತು ನನ್ನ ದಾರಿ ಕಾಯುತ್ತಿದ್ದರು.

ಒಬ್ಬೊಬ್ಬರಿಗೂ ಬರೆದೆ. ಹೊಟ್ಟೆ ಮೆತ್ತಗಿದ್ದು, ಹಾಲು ಕುಡಿಯುತ್ತ ಆಡುತ್ತಿದ್ದರೆ, ಡಾಕ್ಟರಿಗೆ ತೋರಿಸಿ ಕೇಳಿಕೊಂಡು ಕಾಯಿರಿ, ತೊಟ್ಟು ಇಡಬೇಡಿ, ನನ್ನ ಮಗ ಐದನೆಯ ದಿನಕ್ಕೆ ಹೋದ, ಮಲಗಿರಿ. ಎಲ್ಲರಿಗೂ ಬೇರೆ ಬೇರೆ ಹೇಳಲು ನನ್ನಲ್ಲಿ ಬೇರೆ ಮಾತು ಇರಲಿಲ್ಲ, ಹೆಬ್ಬೆರಳು ಒಂದೇ ಇತ್ತು. ಮೂವತ್ತೊಂದು ಜನಕ್ಕೆ ಹೋಯಿತು. ಮೂವತ್ತೆರಡನೆಯವಳು ಮಹಜಬೀನ್, ಅವಳ ಹೆಸರು ಬರೆಯುತ್ತಿದ್ದಾಗ ತಾವು ಬಾಗಿಲು ಹಾಕಿದಿರಿ. ‘ಒಂದೇ ಸಂದೇಶವನ್ನು ಯಂತ್ರದಂತೆ ಪದೇ ಪದೇ ಕಳಿಸುತ್ತಿದ್ದೀರಿ. ಇದು ನೀವೇ ಎಂದು ಖಚಿತಪಡಿಸಿ.’

ಮಾನ್ಯರೇ, ಇಡೀ ದಿನ ತಾವು ನನಗೆ ಹೇಳಿದ್ದೂ ಅದೊಂದೇ ಮಾತು. ತಮ್ಮನ್ನು ಯಾರೂ ಹೊರಗೆ ಹಾಕಲಿಲ್ಲ. ಒಂದೇ ಮಾತನ್ನು ಮತ್ತೆ ಮತ್ತೆ ಹೇಳದೆ ಈ ಭೂಮಿಯ ಮೇಲೆ ಯಾವ ಕೂಸೂ ಮಲಗಿಲ್ಲ, ಯಾವ ತಾಯಿಗೂ ಸಮಾಧಾನವಾಗಿಲ್ಲ. ಇನ್ನೂ ಆರು ಜನ ಬಾಕಿ ಇದ್ದಾರೆ. ಅವರಲ್ಲಿ ಇಬ್ಬರ ಮನೆಯಲ್ಲಿ ಎಲೆ ತಂದಿಟ್ಟಿದ್ದಾರೆ. ನನ್ನನ್ನು ಬಿಡದಿದ್ದರೆ ಬೇಡ, ಆ ಆರು ಜನಕ್ಕೆ ತಾವೇ ಹೇಳಿಬಿಡಿ. ಹೇಳುವಾಗ ಅವರ ಹೆಸರು ಹಿಡಿದು ಹೇಳಿ, ಊಟವಾಯಿತೇ ಎಂದು ಕೇಳಿ, ಅವಸರ ಮಾಡಬೇಡಿ.

ತಮ್ಮಿಂದ ಹಸಿರು ಗುರುತು ಪಡೆದು ಒಂಬತ್ತು ಗಂಟೆಗಳ ಕಾಲ ತಾನೇ ಆಗಿದ್ದ,

ತಮ್ಮ ವಿಶ್ವಾಸಿ,
ವಿಶಾಖಾ

ತಾ.ಕ.: ಮೇಲಿನದನ್ನು ಬರೆದು ಮುಗಿಸಿ ಹಾಲು ಕುಡಿಸುತ್ತಿದ್ದಾಗ ಹುಮನಾಬಾದಿನಿಂದ ಫೋನ್ ಬಂತು. ಸಮ್ಯಕನ ಫೋಟೊ ನೋಡಬೇಕೆಂದು ಲತೀಫಾ ಖಾಲಾ ಹಟ ಹಿಡಿದು, ಆರ್ಜೂಳಿಂದ ತಮ್ಮ ಜಾಲತಾಣದಲ್ಲಿ ಒಂದು ಖಾತೆ ತೆರೆಸಲು ಕೂತರಂತೆ. ನಂಬರು ಹಾಕಿದ್ದೇ ತಡ, ಕೋಟೆಯ ಮೇಲಿನ ನನ್ನ ಫೋಟೊ ತೋರಿಸಿ, ‘ಇದು ನೀವೇನಾ?’ ಎಂದು ತಾವು ಕೇಳಿದಿರಿ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, “ಹೌದು, ನಮ್ಮಾಕೀನೇ. ಒತ್ತು ಬೇಟಿ” ಎಂದರಂತೆ. ಸಂಖ್ಯೆ ಅವರ ಕೈಯೊಳಗಿನ ಫೋನಿಗೇ ಬಂತು, ತಾವು ಬಾಗಿಲು ತೆರೆದಿರಿ, ಕಿವಿ ಕೇಳಲಿಲ್ಲ, ನಗು ಕೇಳಲಿಲ್ಲ. ಕನ್ನಡ ಬರೆಯಲು ಬಾರದ ಅವರು ಮಧ್ಯಾಹ್ನದಿಂದ ನನ್ನ ಹೆಸರಿನಲ್ಲಿ ಕೂತು ಮಾತಾಡಿ ಮಾತಾಡಿ ಕಳಿಸುತ್ತಿದ್ದಾರೆ; ಉಳಿದಿದ್ದ ಆರು ಜನಕ್ಕೂ ಉತ್ತರ ಹೋಗಿದೆ, ಮಹಜಬೀನಳಿಗೆ ಎರಡು ಸಲ ಹೋಗಿದೆ. ನಾನು ಮಲಗಲು ಹೋಗುತ್ತೇನೆ. ಅವರು ನಾನಲ್ಲವೆಂದು ಯಾರಾದರೂ ತಮಗೆ ದೂರು ಕೊಟ್ಟರೆ ದಯವಿಟ್ಟು ನಂಬಬೇಡಿ. ನಾನೇ ಕೊಟ್ಟರೂ ನಂಬಬೇಡಿ.